ಮೂರು ಬೆರಳು ಈಚೆ

ಗಾರ್ಮೆಂಟ್ಸಿನಲ್ಲಿ ನನ್ನದು ಗುಂಡಿ ಸೆಕ್ಷನ್ನು.
ದಿನಕ್ಕೆ ಒಂಬೈನೂರು ಅಂಗಿ, ಅಂಗಿಗೆ ಏಳು ಗುಂಡಿ.
ಲೆಕ್ಕ ಹಾಕಲು ಹೋಗಬೇಡಿ,
ನಾನೂ ಹಾಕುವುದಿಲ್ಲ.

ಮೂರನೇ ತಿಂಗಳಲ್ಲಿ ಮಿಷನ್ನಿನ ಎಣ್ಣೆ ವಾಸನೆಗೇ
ಹೊಟ್ಟೆ ಮಗುಚಿಕೊಳ್ಳುತ್ತಿತ್ತು.
ಸೂಪರ್‌ವೈಸರು ಗಡಿಯಾರ ನೋಡುವಷ್ಟರಲ್ಲಿ
ಎರಡು ಸಲ ಬಚ್ಚಲಿಗೆ ಓಡಿರುತ್ತಿದ್ದೆ.
ಪಕ್ಕದ ಮಿಷನ್ನಿನ ತಬಸ್ಸುಮ್ ಹೇಳಿದಳು:
ಸಾಲಗಾಮೆ ರಸ್ತೇಲಿ, ಬೇಕರಿ ಮೇಲೆ, ಒಬ್ಬ ಡಾಕ್ಟರಮ್ಮ ಇದಾರೆ,
ಸೂಜಿ ಚುಚ್ತಾರೆ, ಒಳಗೆ ಔಷಧಿ ಇರಲ್ಲ.

ಔಷಧಿ ಇಲ್ಲದ ಸೂಜಿ!
ನನಗೆ ಗೊತ್ತಿರುವುದು ಅದೊಂದೇ ಜಾತಿಯ ಸೂಜಿ.

ಅತ್ತೆ ಜವರಮ್ಮ ಹೊಸ್ತಿಲಲ್ಲೇ ಅಡ್ಡ ನಿಂತರು.
"ಬಸ್ರಿ ಮೈಗೆ ಸೂಜಿಯಾ?
ನೀ ಮಿಷಿನ್ ತುಳಿಯೋದೇ ನಂಗೆ ಸೇರಾಕಿಲ್ಲ."
ಆಮೇಲೆ ತಾವೇ ಸೀರೆ ಬದಲಿಸಿ
ದುದ್ದದ ಬಸ್ಸು ಹತ್ತಿ ಹಾಸನಕ್ಕೆ ಬಂದರು,
ಕಾವಲಿಗೆ.

ಬೆಣ್ಣೆ ಬಿಸ್ಕತ್ತಿನ ವಾಸನೆ ನಮ್ಮ ಜೊತೆಗೇ ಮೆಟ್ಟಿಲೇರಿತು,
ಹೊಟ್ಟೆ ಅದೊಂದನ್ನು ಕ್ಷಮಿಸಿತು.
ಡಾಕ್ಟರ್ ಎಲ್ವಿರಾ ಮೊದಲು ಕೇಳಿದ್ದು ತಾಯಿ ಕಾರ್ಡು.
ಕಬ್ಬಿಣದ ಮಾತ್ರೆ ತಿಂತಿದ್ದೀಯಾ, ಸ್ಕ್ಯಾನಿಂಗ್ ಆಯ್ತಾ,
ನಾ ಮಾಡೋದು ಅದರ ಬದಲಿಗಲ್ಲ, ಜೊತೆಗೆ,
ಎಂದು ಎರಡು ಸಲ ಹೇಳಿದರು.
ಆಮೇಲೆ ನಾಡಿ. ಮೂರು ಬೆರಳಿಟ್ಟು, ಕಣ್ಣು ಮುಚ್ಚಿ,
ಕೊನೇ ಬಸ್ಸಿನ ಸದ್ದಿಗೆ ಕಿವಿಗೊಟ್ಟವರ ಹಾಗೆ.
"ಬಸುರಿಯ ನಾಡಿ ಹೇಗಿರುತ್ತೆ ಗೊತ್ತಾ? ಚೀನಾದವರು ಹೇಳ್ತಾರೆ,
ತಟ್ಟೆ ಮೇಲೆ ಮುತ್ತು ಉರುಳಿದ ಹಾಗೆ."
ಮುತ್ತು ನಾನೆಲ್ಲಿ ಕಂಡೆ.
ಪಾಳಿ ಮುಗಿದಾಗ ಉಳಿದ ಗುಂಡಿಗಳನ್ನು
ತಗಡಿನ ತಟ್ಟೆಗೆ ಸುರಿಯುತ್ತೇವಲ್ಲ,
ಆ ಸದ್ದು.
ಅದು ನನ್ನ ಕೈಯೊಳಗೆ.

ಮಣಿಕಟ್ಟಿನ ಗೆರೆಯಿಂದ ಮೂರು ಬೆರಳು ಈಚೆ,
ಎರಡು ನರದ ನಡುವೆ ಒಂದು ಜಾಗ.
ಒಳಬಾಗಿಲು ಅಂತ ಅದರ ಹೆಸರಂತೆ.
ಇರುವೆ ಕಚ್ಚಿದ ಹಾಗಾಯಿತು. ಅಲ್ಲ,
ಕಚ್ಚಲೋ ಬೇಡವೋ ಎಂದು ಇರುವೆ ಯೋಚಿಸಿದ ಹಾಗೆ.
ಆಮೇಲೆ ಮೊಣಕೈವರೆಗೆ ಒಂದು ಮೆತ್ತನೆ ಭಾರ.
ಹೆಬ್ಬೆರಳ ಸಂದಿ, ಪಾದದ ಗಂಟಿನ ಮೇಲೆ,
ಅಲ್ಲೆಲ್ಲ ಈಗ ಮುಟ್ಟಲ್ಲ, ತಿಂಗಳು ತುಂಬಲಿ, ಎಂದರು.
ಗಾಜಿನ ಬೀರುವಿನ ಬೇರು ನಾರುಗಳ ಡಬ್ಬಿ ತೋರಿಸಿದೆ.
"ಅವು ನಿನಗಲ್ಲ. ಆಲೂರು ಕಡೆ ಬೆಳೀತಾರಲ್ಲ
ಹಸಿಶುಂಠಿ, ಅಷ್ಟು ಸಾಕು."

ಮೂಲೆಯ ಸ್ಟೂಲಿನಲ್ಲಿ ಅತ್ತೆ ಎಣಿಸುತ್ತಿದ್ದರು,
ಹಾಕುವಾಗ ನಾಕು, ತೆಗೆಯುವಾಗ ನಾಕು.
ಎಣಿಕೆ ಮುಗಿದ ಮೇಲೆ, ಯಾರೂ ಕೇಳದೆ:
"ಗ್ರಾಣದ ದಿನ ಒಂದು ಗುಂಡಿ ಹಾಕ್ದೆ.
ಸಂತೆಗೆ ಹೊಂಟಿದ್ರು, ಅವರಂಗಿಗೆ.
ಒಂದೇ ಗುಂಡಿ ಕಣವ್ವ."

ಲೋಹಿತನ ಮೀಸೆಯ ಕೆಳಗೊಂದು ಗೆರೆಯಿದೆ.
ಮದುವೆಯ ಹೊಸತರಲ್ಲಿ ಬೆರಳಿಂದ ಸವರಿ ಕೇಳಿದ್ದೆ.
ಹುಟ್ತಾನೇ ಸೀಳಿತ್ತು, ಮಿಷನ್ ಆಸ್ಪತ್ರೇಲಿ ಹೊಲಿದ್ರು, ಎಂದಿದ್ದ,
ಆಲೂಗಡ್ಡೆ ಮೂಟೆಯ ಲೆಕ್ಕ ಒಪ್ಪಿಸುವ ಹಾಗೆ.

"ಅದು ಗ್ರಹಣದಿಂದ ಅಲ್ಲಮ್ಮ," ಎಂದರು ಡಾಕ್ಟರು.
ಅತ್ತೆ ಕೇಳಿಸಿಕೊಂಡರೋ ಇಲ್ಲವೋ.
ಮೂವತ್ತೊಂದು ವರ್ಷ ದಪ್ಪಗಟ್ಟಿದ ಚರ್ಮ,
ಒಂದು ಮಾತು ಎಷ್ಟು ಇಳಿದೀತು?
ಬಳೆ ಹಿಂದೆ ಸರಿಸಿ ಕೈ ಚಾಚಿದರು.
"ನಂಗೂ ಒಂದು ಹಾಕಿ. ವಾಂತಿ ಗೀಂತಿ ಏನಿಲ್ಲ.
ಸುಮ್ಕೆ."

ನನ್ನ ವಾಂತಿ ನಿಂತಿತೇ ಅಂದರೆ, ಪೂರ್ತಿ ಇಲ್ಲ.
ಎರಡು ಸಲ ಓಡುತ್ತಿದ್ದವಳು ಒಂದು ಸಲ ಓಡುತ್ತೇನೆ.
ಬೆಳಗಿನ ಮುದ್ದೆ ಒಳಗೇ ಉಳಿಯುತ್ತದೆ.
ಸೂಜಿಯಿಂದಲೋ, ಶುಂಠಿಯಿಂದಲೋ,
ನಾಲ್ಕನೇ ತಿಂಗಳು ಹುಟ್ಟಿದ್ದಕ್ಕೋ,
ತಬಸ್ಸುಮ್ ಹತ್ತಿರ ಇನ್ನೂ ಜಗಳ ನಡೆದಿದೆ.

ನಿನ್ನೆ ರಾತ್ರಿ ಟ್ಯೂಬ್‌ಲೈಟಿನ ಕೆಳಗೆ
ಅತ್ತೆ ದಾರದ ತುದಿಯನ್ನು ತುಟಿಗಿಟ್ಟು ಒದ್ದೆ ಮಾಡಿ
ಸೂಜಿಯ ಕಣ್ಣು ಹುಡುಕುತ್ತಿದ್ದರು.
ತೊಡೆಯ ಮೇಲೆ ಲೋಹಿತನ ಅಂಗಿ, ಎರಡನೇ ಗುಂಡಿ ಉದುರಿದ್ದು.
ನಾನಿಲ್ವಾ, ಕೊಡಿ ಇಲ್ಲಿ, ಎನ್ನಲು ಬಾಯಿ ತೆರೆದೆ.
ದಿನಕ್ಕೆ ಒಂಬೈನೂರು ಅಂಗಿ, ಅಂಗಿಗೆ ಏಳು.
ದಾರ ಪೋಣಿಸಿ, ಸೂಜಿ ಅವರ ಕೈಗಿಟ್ಟು
ಪಕ್ಕದಲ್ಲಿ ಕೂತೆ.